ಹೂವಿನ ಕವರ್ ಮತ್ತು ನನ್ನ ಬಿರುಸು ನಡಿಗೆ

ಹೃದಯದ ರಕ್ತನಾಳವೊಂದು ಕಿರಿದಾಗಿದೆ ಎಂದು ತಿಳಿದಾಗ ನಾನು ಎಳ್ಳಷ್ಟೂ ಹೆದರಲಿಲ್ಲ. "ಸದ್ಯಕ್ಕೆ ಆಪರೇಷನ್ ಬೇಡ. ಮಾತ್ರೆ ತಪ್ಪಿಸಬೇಡಿ, ದಿನಾ ಬಿರುಸಾಗಿ ನಡೀರಿ" ಎಂದರು ಡಾಕ್ಟರು. ಇಷ್ಟೇನಾ! ನುಂಗಲು ಬಾಯಿದೆ, ನಡೆಯಲು ವಿಜಯನಗರದಲ್ಲಿ ಬೇಕಾದಷ್ಟು ರಸ್ತೆಗಳಿವೆ.

ಮಾರನೆಯ ಬೆಳಿಗ್ಗೆ ಮಾತ್ರೆ ನುಂಗಿ, ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟೆ. ಹೆಂಡತಿ ಸರಳಾ ಪ್ಲಾಸ್ಟಿಕ್ ಕವರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೇಗೂ ಹೋಗ್ತಾ ಇದೀರಲ್ಲ, ದೇವರಿಗೆ ನಾಲ್ಕು ಹೂವು ತನ್ನಿ."

ಅಲ್ಲಿಗೆ ಮುಗಿಯಿತು ನನ್ನ ವ್ಯಾಯಾಮ! ಕಾಂಪೌಂಡಿನಿಂದಾಚೆ ಬಾಗಿದ ಹೂವು ವಾಕಿಂಗ್ ಹೋಗುವವರ ಆಸ್ತಿ ಎಂಬುದು ನಮ್ಮ ಬಡಾವಣೆಯ ಅಲಿಖಿತ ಕಾನೂನು. ಮನೆಯವರು ಮಾತ್ರ ಅದನ್ನು ಒಪ್ಪುವುದಿಲ್ಲ. ಹಾಗಾಗಿ ಮೆಲ್ಲಗೆ ಹೋಗಬೇಕು, ರಂಗೋಲಿ ಹಾಕುವವರು ಒಳಗೆ ಹೋಗುವವರೆಗೆ ಲೈಟ್ ಕಂಬದ ಮರೆಯಲ್ಲಿ ನಿಲ್ಲಬೇಕು. ಬಿರುಸಾಗಿ ನಡೆದರೆ ಹೂವಿಲ್ಲ, ಹೂವಿಲ್ಲದೆ ಬಂದರೆ ಕಾಫಿಯಿಲ್ಲ. ಮನುಷ್ಯ ಏನು ಮಾಡಬೇಕು ಹೇಳಿ! ಕ್ರಮೇಣ ನನ್ನ ಕೈಗೆ ಕೊಕ್ಕೆ ಕಟ್ಟಿದ ಕೋಲೂ ಬಂತು.

ಒಂದು ದಿನ ಮಾರೇನಹಳ್ಳಿಯ ಮನೆಯೊಂದರ ಮುಂದೆ ಒಂದಷ್ಟು ದಾಸವಾಳ ಕಿತ್ತು ಕವರಿಗೆ ಹಾಕಿ, ಇನ್ನೊಂದಕ್ಕೆ ಕೊಕ್ಕೆ ಚಾಚಿದ್ದೆ. ಗೇಟು ಕಿರ್ ಎಂದಿತು. ಮನೆಯಾಕೆ!

"ಏನ್ ಮಾಡಾಕತ್ತೀರಿ ಸರ್?"

ನನ್ನ ಬುದ್ಧಿಗೆ ಅದೇನು ಬಡಿದಿತ್ತೋ! ಎದೆ ಹಿಡಿದುಕೊಂಡು, "ಹಾರ್ಟ್ ಪೇಷಂಟು ಮೇಡಂ... ನೋವು ಬಂದು ನಿಂತೆ" ಎಂದುಬಿಟ್ಟೆ.

ಆಕೆ ಕಿರುಚಿಕೊಂಡರು. ಅವರ ಯಜಮಾನರು, ಹುಬ್ಬಳ್ಳಿ ಕಡೆಯ ರುದ್ರಪ್ಪನವರು, ಬನಿಯನ್ನಿನಲ್ಲೇ ಓಡಿಬಂದರು.

"ಮಾತಾಡಬ್ಯಾಡ್ರಿ! ಸುಮ್ನ ಕೂಡ್ರಿ!"

"ಏನೂ ಆಗಿಲ್ಲ ಸಾರ್, ಸರಿಹೋಯ್ತು!"

"ಎಲ್ಲಾರೂ ಹಂಗ ಅಂತಾರ್ರಿ!"

ಆಟೋ ಬಂದೇಬಿಟ್ಟಿತು. ವಾಕಿಂಗ್ ಹೋದವನು ರುದ್ರಪ್ಪನವರ ಜೊತೆ ಆಟೋದಲ್ಲಿ ಮನೆಗೆ ಬಂದೆ. ಸರಳಾ ಅಳುತ್ತಾ ಹತ್ತಿದಳು. ಅದೇ ಆಟೋ ಆಸ್ಪತ್ರೆಗೆ ಹೊರಟಿತು. ನನ್ನ ಮಾತು ಕೇಳುವವರು ಒಬ್ಬರಾದರೂ ಬೇಕಲ್ಲ!

ಇ.ಸಿ.ಜಿ. ಚೆನ್ನಾಗಿತ್ತು. ಡಾಕ್ಟರ ಮುಖ ಮಾತ್ರ ಬಿಗಿದುಕೊಂಡಿತ್ತು. "ದಿನಾ ಬಿರುಸಾಗಿ ನಡೀತೀರ, ಆದ್ರೂ ನೋವು ಬಂತು ಅಂದ್ರೆ ಮಾತ್ರೆ ಸಾಲ್ತಿಲ್ಲ. ಆಪರೇಷನ್ ಬಗ್ಗೆ ಯೋಚನೆ ಮಾಡಬೇಕಾಗುತ್ತೆ."

ಈಗ ನಿಜವಾಗಿಯೂ ಹೆದರಿದೆ. ಮಂಚದಿಂದ ಎದ್ದು ಕೂತೆ.

"ನೋವೇ ಬಂದಿಲ್ಲ ಡಾಕ್ಟ್ರೇ! ನಾನು ನಡೆದಿದ್ರೆ ತಾನೆ ನೋವು ಬರೋದು!"

ಬಾಗಿಲಲ್ಲಿ ರುದ್ರಪ್ಪನವರು ನನ್ನ ಕೊಕ್ಕೆ ಕೋಲನ್ನೂ ಕವರನ್ನೂ ಜೋಪಾನವಾಗಿ ಹಿಡಿದು ನಿಂತಿದ್ದರು. ಕವರಿನೊಳಗೆ ಅವರದೇ ದಾಸವಾಳ! ಡಾಕ್ಟರು ಕೋಲು ನೋಡಿದರು, ನನ್ನನ್ನು ನೋಡಿದರು.

"ಮಾತ್ರೆ ಅದೇ ಇರಲಿ. ಕೋಲು ಬಿಡಿ."

ಈಗ ದಿನಾ ಬೆಳಿಗ್ಗೆ ರುದ್ರಪ್ಪನವರೇ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ನಡೆಯುವ ಆಸಾಮಿ! ಹಿಂದೆ ಏದುಸಿರು ಬಿಡುತ್ತಾ ನಾನು. ಸರಳಾಳಿಗೆಂದು ತಮ್ಮ ಗಿಡದ ಹೂವನ್ನೂ ತಂದಿರುತ್ತಾರೆ. ದಾರಿಯುದ್ದಕ್ಕೂ ಕವರ್ ಅವರ ಕೈಯಲ್ಲೇ. ನನ್ನ ಕೈಗೆ ಮಾತ್ರ ಕೊಡಬೇಡಿ ಎಂದು ಅವರಿಗೆ ತಾಕೀತು ಮಾಡಿದವಳು ಬೇರೆ ಯಾರೂ ಅಲ್ಲ, ದೇವರಿಗೆ ಹೂವು ತನ್ನಿ ಎಂದು ನನ್ನನ್ನು ಕಳಿಸಿದ್ದ ಧರ್ಮಪತ್ನಿ!