ಹೊಲಿಗೆ ಮಿಷನ್ನಿನ ವಿರಹಗೀತೆ

ಅಳೋಣ ಅಂತ ಕೂತಾಗಲೇ ನಗೆಪಾಟಲಾಗೋದು ನಮ್ಮ ಕಡೆ ಹೊಸದೇನಲ್ಲ. ಎಂಬತ್ತರ ದಶಕದಲ್ಲಿ ಹೊನ್ನಾಳಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಪಕ್ಕದ ಅಂಗಡಿಯ ಟೈಲರ್ ನನ್ನ ಗೆಳೆಯ. ಅವನ ಹೆಂಡತಿ ಮುನಿಸಿಕೊಂಡು ಜಗಳೂರು ಕಡೆಯ ಬಿಳಿಚೋಡಿಗೆ, ತವರಿಗೆ ಹೋಗಿ ಕೂತಿದ್ದಳು. ಕುಡಿತವಿಲ್ಲ, ಹೊಡೆತವಿಲ್ಲ. "ಈ ಮನುಷ್ಯ ಬಾಯೇ ಬಿಡಲ್ಲ. ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡ್ಲಿ?" ಅಂದು ಹೋಗಿದ್ದಳು.

"ಹೋಗಿ ಕರ್ಕಂಡು ಬಾರೋ" ಅಂದೆ.

"ಎದುರಿಗೆ ನಿಂತ್ರೆ ಮಾತು ಬರಲ್ಲ. ಹಾಡು ಮಾಡಿ ಕಳಿಸ್ತೀನಿ" ಅಂದ.

ನಾನೋ, ಗಿಟಾರ್ ಕೊಂಡು ಬಾರಿಸೋಕೆ ಜಾಗ ಸಿಗದೆ ಒದ್ದಾಡುತ್ತಿದ್ದವನು. ಆಗಲಿ ಅಂದುಬಿಟ್ಟೆ. ನನ್ನ ಗ್ರಹಚಾರ!

೧. ಜಂಪರ್ ಹಾಡು

ಟೈಲರ್ ಬರೆದ ಹಾಡುಗಳನ್ನು ಕೇಳಿ, ನಾವು ಕರೆಸಿದ್ದ ತಬಲದವನು ಎದ್ದೇ ಹೋದ. "ಇಂಥವಕ್ಕೆ ಬಾರಿಸಿದ್ರೆ ನಾಳೆ ಮದುವೆ ಮನೆಯೋರು ಯಾರೂ ನನ್ನ ಕರೆಯಲ್ಲ" ಅಂದ. ಕೊನೆಗೆ ಟೈಲರ್ ತನ್ನ ಹೊಲಿಗೆ ಮಿಷನ್ನನ್ನೇ ತುಳಿದು ತಾಳ ಹಾಕಿದ. ಶನಿವಾರ ಭಿಕ್ಷೆಗೆ ಬರುತ್ತಿದ್ದ ದಾಸಯ್ಯನನ್ನು ಕೂರಿಸಿಕೊಂಡು ಶಂಖ, ಜಾಗಟೆ ಸೇರಿಸಿದೆವು. ನನ್ನ ಗಿಟಾರ್ ಹೆಂಗೂ ಇತ್ತಲ್ಲ.

ಹೊಲಿಗೆ ಅಂಗಡಿಯಲ್ಲೇ ರೆಕಾರ್ಡಿಂಗ್. ಟೈಲರ್ ಕಣ್ಣು ಮುಚ್ಚಿ, "ನೀನಿಲ್ಲದ ಮನೆ" ಅಂತ ಎಳೆಯುತ್ತಿದ್ದಾಗ ರವಿಕೆ ಹೊಲಿಯೋಕೆ ಕೊಟ್ಟಿದ್ದ ಒಬ್ಬ ಹೆಂಗಸು ಬಾಗಿಲಿಗೆ ಬಂದು, "ನನ್ನ ಜಂಪರ್ ಆತೇನ್ರೀ?" ಅಂದಳು.

ಅಭ್ಯಾಸ ಬಲ ನೋಡಿ, ಇವನು ಕಣ್ಣು ತೆರೆಯದೆ ಅದೇ ರಾಗದಲ್ಲಿ "ನಾಳೆ ಬರ್ರೀ..." ಅಂತ ಹಾಡಿಬಿಟ್ಟ. ಹಾಡು ಮುಗೀತು ಅಂತ ತಿಳಿದ ದಾಸಯ್ಯ ಭೋಂ ಅಂತ ಶಂಖ ಊದಿದ. ಇನ್ನೊಮ್ಮೆ ಊದಯ್ಯ ಅಂದರೆ, "ಎದೆ ನೋಯ್ತೈತೆ ಸ್ವಾಮಿ" ಅಂತ ಎದ್ದ. ಹಂಗೇ ಉಳಿಯಿತು.

ಆಮೇಲೆ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಉಳಿದದ್ದು ತಿಳೀಲಿಲ್ಲ, ಆ ಜಂಪರ್ ಹಾಡು ಮಾತ್ರ ಭಾಳ ಚೆನ್ನಾಗೈತೆ!"

೨. ಹೆಣ ಎಲ್ಲಿ?

ಚನ್ನಗಿರಿಯಲ್ಲಿ ನನ್ನ ಪರಿಚಯದ ಹೋಟೆಲಿನವರಿಗೆ ಒಂದು ಕಾಪಿ ಕೊಟ್ಟೆ. ಅವರು ಹೊರಗಿನ ಸ್ಪೀಕರಿಗೆ ಹಾಕಿದರು. ಬೀದಿಯಲ್ಲಿ ಹೆಣ ಹೋಗುವಾಗ ಅಂಗಡಿಯವರು ಬಾಗಿಲು ಅರ್ಧ ಎಳೆಯೋದು ನಮ್ಮ ಕಡೆ ಮರ್ಯಾದೆ. ಶಂಖ, ಜಾಗಟೆ ಕೇಳಿದ್ದೇ ತಡ, ಬೀದಿಯ ಅಂಗಡಿಗಳೆಲ್ಲ ಸರಸರ ಅರ್ಧ ಬಾಗಿಲು ಹಾಕಿದವು. ಅಡಿಕೆ ವ್ಯಾಪಾರಿಯೊಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು. ಹೋಟೆಲಲ್ಲಿ ತಿನ್ನುತ್ತಿದ್ದವರು ದೋಸೆ ಬಿಟ್ಟು ಎದ್ದರು. ಎಲ್ಲರೂ ಕಾದರು. ಹೆಣ ಬರಲಿಲ್ಲ, ಎರಡನೇ ಹಾಡು ಬಂತು.

ಹೋಟೆಲಿನವರು ಕ್ಯಾಸೆಟ್ ಕಿತ್ತು, ಮಾರನೇ ದಿನವೇ ನನ್ನ ಕೈಗೆ ತಂದಿಟ್ಟರು. "ತಗಳ್ರಿ, ಇದನ್ನ ನೀವೇ ಮಣ್ಣು ಮಾಡ್ರಿ!"

ಟೈಲರ್ ಅವತ್ತು ಊಟ ಮಾಡಲಿಲ್ಲ. ನನಗೂ ಸಂಕಟವಾಯಿತು.

೩. ಹೆಣ್ಣು ನೋಡೋಕೆ ಹೊರಟವರು

ಇನ್ನುಳಿದ ಆಸೆ ಒಂದೇ. ನ್ಯಾಮತಿಯಿಂದ ಹೊರಟು ನಮ್ಮೂರ ಮೇಲೆ ಜಗಳೂರಿಗೆ ಹೋಗುವ ಪ್ರೈವೇಟ್ ಬಸ್ಸೊಂದಿತ್ತು, ಬಿಳಿಚೋಡಿನಲ್ಲಿ ನಿಲ್ಲುತ್ತಿತ್ತು. ಅದರ ಡ್ರೈವರಿಗೆ ಕಾಫಿ ಕುಡಿಸಿ ಕ್ಯಾಸೆಟ್ ಕೊಟ್ಟೆವು.

ಅವತ್ತು ಬಸ್ಸಿನಲ್ಲಿ ಹೆಣ್ಣು ನೋಡೋಕೆ ಹೊರಟ ಒಂದು ಮನೆಯವರಿದ್ದರು. ಹೊಸ ಶರ್ಟು ಹಾಕಿಕೊಂಡು ಕೂತಿದ್ದ ಹುಡುಗ ನಾಲ್ಕು ಹಾಡು ತಲೆ ತಗ್ಗಿಸಿ ಕೇಳಿದ. ಆಮೇಲೆ ಹಣ್ಣಿನ ಚೀಲ ಹಿಡಿದು ಎದ್ದು ನಿಂತ.

"ಅಪ್ಪಾ, ಇಳೀರಿ. ಕಟ್ಕಂಡ ಮ್ಯಾಲೆ ಹಿಂಗೆ ಅಳಾದಾದ್ರೆ ನನಗೆ ಮದುವೇನೇ ಬ್ಯಾಡ."

ಅಪ್ಪ ಬೈದ, ಅವ್ವ ಗೋಗರೆದಳು. ನಡು ದಾರಿಯಲ್ಲಿ ಮನೆಯವರೆಲ್ಲ ಇಳಿದರು. ಡ್ರೈವರ್ ಸಿಟ್ಟಿಗೆ ಕ್ಯಾಸೆಟ್ ತೆಗೆದು ಬಿಳಿಚೋಡಿನ ಚಾ ಅಂಗಡಿಗೆ ಕೊಟ್ಟು ಹೋದ. ವಾಪಸ್ ಬಂದವನು ನನಗೆ ಹೇಳಿದ: "ನಿಮ್ಮ ದೋಸ್ತ್‌ನ ಹೆಂಡ್ತಿ ಬರಾದು ದೇವ್ರಿಗೇ ಗೊತ್ತು. ಇನ್ನೊಬ್ಬನ ಹೆಂಡ್ತೀನೂ ತಪ್ಪಿಸಿದ್ರಲ್ರೀ!"

೪. ಎರಡನೇ ಸೈಡ್

ಆದರೆ ಆಕೆ ಬಂದಳು! ಒಂದು ಮಧ್ಯಾಹ್ನ ಅದೇ ಬಸ್ಸಿಂದ ಬ್ಯಾಗ್ ಹಿಡಿದು ಇಳಿದು, ಟೈಲರ್ ಅಂಗಡಿ ಮುಂದೆ ನಿಂತಳು. ಇವನು ಕತ್ತರಿ ಹಿಡಿದುಕೊಂಡೇ ಎದ್ದು ನಿಂತ.

"ನಮ್ಮೂರ ಚಾ ಅಂಗಡ್ಯಾಗೆ ಹಾಕಿದ್ರು. ನೀರಿನ ಕೊಡ ಇಳಿಸಿ ಒಂದು ಸೈಡ್ ಪೂರ್ತಿ ಕೇಳಿದೆ" ಅಂದಳು. "ಹೊಳೆ ಅಂದ್ರಿ, ಬೆಳದಿಂಗಳು ಅಂದ್ರಿ, ಒಂಟಿ ಕೊಕ್ಕರೆ ಅಂದ್ರಿ. ಬಾ ಅಂತ ಎಲ್ಲಿ ಅಂದೀರಿ?"

"ಅದು... ಎರಡನೇ ಸೈಡಿನಾಗೆ ಐತೆ" ಅಂದ ಪುಣ್ಯಾತ್ಮ.

ಅಯ್ಯೋ ಶಿವನೇ! ಒಂದನೇ ಸೈಡನ್ನೇ ದಾಟಿದವರು ಯಾರಿದ್ದಾರೆ?

ಆಕೆಗೆ ನಗು ಬಂತು, ಕಣ್ಣೂ ತುಂಬಿತು. ಬ್ಯಾಗ್ ಕೆಳಗಿಟ್ಟಳು. "ಆತು ಬಿಡ್ರಿ. ಈಗ ಅನ್ರಿ, ನಿಂತು ಕೇಳ್ತೀನಿ."

ಇವನು ಓಡಿ ಬಂದು ನನ್ನ ಟೇಪ್ ರೆಕಾರ್ಡರ್ ಎತ್ತಿಕೊಂಡು ಹೋದ. ಕ್ಯಾಸೆಟ್ ಹಾಕಿದ, ತಿರುಗಿಸಿದ, ಬಟನ್ ಒತ್ತಿದ. ಸದ್ದಿಲ್ಲ. ಕರೆಂಟ್ ಹೋಗಿತ್ತು. ಪ್ಲಗ್ ಕಿತ್ತು ಊದಿದ, ವೈರ್ ಜಗ್ಗಿದ. ಮುಖವೆಲ್ಲ ಬೆವರು. "ಬಾಯಾಗೆ ಹೇಳೋ ಮಾರಾಯ, ಬಾ ಅನ್ನಾಕೆ ಎರಡಕ್ಷರಾನೂ ಇಲ್ಲ!" ಅಂತ ನಾನು ಕಿರುಚಿದೆ. "ತಡೀರಿ, ಈಗ ಬರ್ತೈತೆ" ಅಂತ ಮತ್ತೆ ಬಟನ್ ಒತ್ತಿದ.

ಜಗಳೂರಿಗೆ ಹೊರಟಿದ್ದ ಇನ್ನೊಂದು ಬಸ್ಸು ಹಾರ್ನ್ ಹೊಡೆಯಿತು. ಆಕೆ ಇನ್ನೊಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿಂದ ಕಣ್ಣೊರೆಸಿಕೊಂಡು ಬ್ಯಾಗ್ ಎತ್ತಿಕೊಂಡಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ ಕೇಳಿದಳು:

"ನಿಮ್ಮ ಬಾಯಿಗೂ ಕರೆಂಟ್ ಬೇಕೇನ್ರೀ?"