ಗಟ್ಟಿ ಬುಷ್ಷು

ತೊಂದರೆ ಶುರುವಾದದ್ದು ಮುಷ್ಟಿಗಾತ್ರದ ಮೂರು ರಬ್ಬರು ತುಂಡುಗಳಿಂದ. ಕಾರಿನ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಕಬ್ಬಿಣದ ಗಡ್ಡೆಯೊಂದಿರುತ್ತದೆ. ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವುದು ಅದರ ಕೆಲಸ. ಅದರ ಗುದ್ದಾಟ ಕಾರಿನ ಮೈಗೆ ನೇರವಾಗಿ ತಾಗದಂತೆ ತಡೆಯುವವು ಬುಷ್ಷು ಎಂಬ ಈ ರಬ್ಬರು ತುಂಡುಗಳು. ಗ್ರಂಥಾಲಯದ ಗುಮಾಸ್ತನ ಕಾರಿನಲ್ಲಿ ಮೂರೂ ಹರಿದುಹೋಗಿದ್ದವು. ವಾರವಿಡೀ ಕೆಲಸಕ್ಕೆ, ಭಾನುವಾರ ರೇಸ್ ಟ್ರ್ಯಾಕಿಗೆ ಎಂದು ಒಂದೇ ಕಾರನ್ನು ಎರಡು ಕಡೆ ದುಡಿಸಿದರೆ ಇನ್ನೇನಾದೀತು?

ಮನೆಯಲ್ಲಿ ಬುಷ್ಷಿನ ಕೆಲಸ ಅವನ ಹೆಂಡತಿಯದು. ಕಾರು ಮೊದಲು ಅಪ್ಪನದಾಗಿತ್ತು, ನಿವೃತ್ತಿಯ ದಿನ ಮಗನಿಗೆ ಕೊಟ್ಟದ್ದು. ಮಗ ಭಾರ ಕಡಿಮೆ ಮಾಡಲು ಹಿಂದಿನ ಸೀಟು ಕಿತ್ತುಹಾಕಿದ, ಸ್ಪ್ರಿಂಗು ಬದಲಿಸಿ ನೆಲ ಮುಟ್ಟುವಷ್ಟು ತಗ್ಗಿಸಿದ. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು ಒಳಗೆ ಹೋದವರು ಎರಡು ವರ್ಷ ಮಗನ ಜೊತೆ ಮಾತಾಡಲಿಲ್ಲ. ನಲ್ಲಿ ಸೋರಿದರೂ ಮಗನ ಎದುರೇ ಸೊಸೆಗೆ ಹೇಳುತ್ತಿದ್ದರು, ಅವನಿಗೆ ತಿಳಿಸಮ್ಮ ಅಂತ.

ಈಗ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ನಿನ್ನೆ ದೊಡ್ಡ ಡಾಕ್ಟರು ಬಾಗಿಲು ಮುಚ್ಚಿಕೊಂಡು ಅವರೊಬ್ಬರ ಜೊತೆ ಅರ್ಧ ಗಂಟೆ ಮಾತಾಡಿದ್ದರು. ಏನೆಂದು ಅಪ್ಪ ಸೊಸೆಗೂ ಹೇಳಲಿಲ್ಲ. ಇವತ್ತು ನಾಲ್ಕು ಗಂಟೆಗೆ ಮನೆಗೆ ಬಿಡುತ್ತಾರೆ ಎಂದಾಗ ಮಾತ್ರ ಸೊಸೆಯ ಕೈಲಿ ಹೇಳಿಕಳಿಸಿದ್ದರು: "ಅವನ ಕಾರಲ್ಲೇ ಬರ್ತೀನಿ. ಅವನೊಬ್ಬನೇ ಬರ್ಲಿ. ಮಾತಾಡೋದಿದೆ."

ಗುಮಾಸ್ತ ಬೆಳಿಗ್ಗೆಯೇ ಕಾರನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿದ. ಮೂವತ್ತು ವರ್ಷ ಎಂಜಿನ್ನುಗಳ ಪಕ್ಕ ಕೂತು ಕಿವಿ ಅರ್ಧ ಕಳೆದುಕೊಂಡಿದ್ದ ಆತ ಮೂರು ಬಗೆಯ ಬುಷ್ಷು ತೆಗೆದಿಟ್ಟ. ಮೆತ್ತಗಿನದು ರಬ್ಬರು, ಸದ್ದಿಲ್ಲ, ಆದರೆ ಟ್ರ್ಯಾಕಿನಲ್ಲಿ ಆರು ತಿಂಗಳೂ ಬಾಳದು. ಗಟ್ಟಿಯದು ಅಲ್ಯೂಮಿನಿಯಂ, ಸಾಯುವವರೆಗೆ ಚಿಂತೆಯಿಲ್ಲ, ಆದರೆ ಹಲ್ಲುಚಕ್ರಗಳ ಕಿರುಚಾಟವೆಲ್ಲ ನೇರ ಕಿವಿಗೆ. ನಡುವಿನದು ಪ್ಲಾಸ್ಟಿಕ್ಕಿನಂಥದ್ದು, ಇತ್ತಲೂ ಇಲ್ಲ ಅತ್ತಲೂ ಇಲ್ಲ. ಹನ್ನೊಂದರೊಳಗೆ ಫೋನ್ ಮಾಡಿ ಹೇಳುತ್ತೇನೆಂದು ಗುಮಾಸ್ತ ಕೆಲಸಕ್ಕೆ ಓಡಿದ.

ಗ್ರಂಥಾಲಯದಲ್ಲಿ ವಿಷಯ ಬಾಯಿ ಬಿಟ್ಟದ್ದೇ ತಪ್ಪಾಯಿತು. ಪತ್ರಿಕೆಗಳ ವಿಭಾಗದವನು ನಡುವಿನದೇ ಸರಿ ಎಂದ. ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರಂತೂ ಅಲ್ಯೂಮಿನಿಯಮ್ಮಿಗೆ ಪಟ್ಟು ಹಿಡಿದ. ಅವನಿಗೆ ಸೈಕಲ್ಲೂ ಇರಲಿಲ್ಲ, ಆದರೆ ಸಲಹೆಗೆ ಬರವಿರಲಿಲ್ಲ. ಭಾನುವಾರದ ತಿರುವುಗಳನ್ನು ನೆನೆದು ಗುಮಾಸ್ತನ ಬಾಯಲ್ಲೂ ನೀರೂರಿತು. ಕೊನೆಗೆ ಅವನಿಗೆ ಅಪ್ಪನ ಹೊಟ್ಟೆಯ ಹೊಲಿಗೆ ನೆನಪಾಯಿತು. ಟ್ರ್ಯಾಕು ಹಾಳಾಗಿಹೋಗಲಿ, ಎರಡು ವರ್ಷದ ಮೇಲೆ ಅಪ್ಪ ಮಾತಾಡುತ್ತಾರೆ, ರಬ್ಬರೇ ಸೈ ಎಂದು ತೀರ್ಮಾನಿಸಿದ.

ಓದುವ ಕೋಣೆಯಲ್ಲಿ ಪಿಸುಮಾತಿಗಷ್ಟೇ ಅನುಮತಿ. ಕಪಾಟಿನ ಹಿಂದೆ ಬಗ್ಗಿ, ಫೋನಿಗೆ ಅಂಗೈ ಅಡ್ಡ ಹಿಡಿದು, ಮೆತ್ತಗಿನದು ಹಾಕಿ ಎಂದು ಮೆತ್ತಗೆ ಹೇಳಿದ. ಅತ್ತಲಿಂದ ಏನು ಎಂಬ ಪ್ರಶ್ನೆ ಬಂತು. ಇನ್ನೊಮ್ಮೆ ಹೇಳಿದ, ಇನ್ನೊಮ್ಮೆ ಏನು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಬೈಂಡರ್ ತಾಳ್ಮೆಗೆಟ್ಟು ಫೋನಿನ ಹತ್ತಿರಕ್ಕೇ ಬಾಯಿ ತಂದ.

"ಗಟ್ಟಿ, ಗಟ್ಟಿಯಾಗಿ ಹೇಳಯ್ಯ."

ಅತ್ತಲಿಂದ ಸರಿ ಎಂಬ ಮಾತು ಬಂದು ಫೋನು ಕಟ್ಟಾಯಿತು. ಕೆಲಸವಾಯಿತೆಂದು ಗುಮಾಸ್ತ ತನ್ನ ಮೇಜಿಗೆ ಮರಳಿದ.

ಮೂರೂವರೆಗೆ ಗ್ಯಾರೇಜಿಗೆ ಹೋಗಿ ಕಾರಿನ ಕೆಳಗೆ ಇಣುಕಿದರೆ ಅಲ್ಯೂಮಿನಿಯಂ ಪಳಪಳ ಹೊಳೆಯುತ್ತಿತ್ತು.

"ನೀವೇ ಹೇಳಿದ್ರಲ್ಲ ಸಾರ್, ಎರಡೆರಡು ಸಲ, ಗಟ್ಟಿ ಅಂತ," ಎಂದ ಮೆಕ್ಯಾನಿಕ್.

ಒಂದೇ ಮಾತು ಕಿವಿಗೂ ಲೋಹಕ್ಕೂ ದುಡಿಯುತ್ತದೆ, ಅವನ ಕಾರಿನ ಹಾಗೆ. ಬಿಚ್ಚಿ ಬದಲಿಸಲು ಇನ್ನರ್ಧ ದಿನ ಬೇಕು. ಗುಮಾಸ್ತ ಹಲ್ಲು ಕಚ್ಚಿಕೊಂಡು ಆಸ್ಪತ್ರೆಗೆ ಹೊರಟ.

ಅಪ್ಪ ಹೊಟ್ಟೆಯ ಮೇಲೆ ದಿಂಬಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕಾರು ವೇಗ ಹಿಡಿದದ್ದೇ ತಡ, ಹಿಟ್ಟಿನ ಗಿರಣಿಯೊಳಗೆ ಕೂತ ಹಾಗಾಯಿತು. ಆ ಗದ್ದಲದಲ್ಲೇ ಅಪ್ಪನ ತುಟಿ ಅಲುಗಾಡತೊಡಗಿತು. ಮಗನಿಗೆ ಒಂದಕ್ಷರ ಕೇಳಿಸಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿದ. ಸದ್ದು ನಿಂತಿತು, ಅಪ್ಪನ ಮಾತೂ ನಿಂತಿತು.

"ಯಾಕೆ ನಿಲ್ಸಿದೆ? ನಡಿ," ಎಂದರು ಅಪ್ಪ, ಕಿಟಕಿಯಾಚೆ ನೋಡುತ್ತ.

ಸಿಗ್ನಲ್ಲಿನಲ್ಲೂ ಹೀಗೇ ಆಯಿತು. ಸದ್ದಿಲ್ಲದ ಕಡೆ ಅವರಿಗೆ ಬಾಯಿ ಬಾರದು; ಆ ಮಾತಿಗೆ ಸದ್ದಿನ ಮರೆ ಬೇಕಿತ್ತು. ಮಗ ಗಾಡಿ ಓಡಿಸಿದ. ಅಪ್ಪ ಮಾತಾಡಿದರು, ಬೆರಳು ಮಡಿಸಿ ಏನೋ ಲೆಕ್ಕ ಕೊಟ್ಟರು, ಒಮ್ಮೆ ಕಣ್ಣೊರೆಸಿಕೊಂಡರು. ಅಳುವೋ ನಗುವೋ ತಿಳಿಯದೆ ಮಗ ಎರಡಕ್ಕೂ ಹೊಂದುವ ಮುಖ ಮಾಡಿದ. ಅಪ್ಪ ತಿರುಗಿ ನೋಡಿದಾಗಲೆಲ್ಲ ತಲೆಯಾಡಿಸಿ ಹೂಂ ಎಂದ. ಇಷ್ಟು ದುಃಖ ಅವನಿಗೆ ಟ್ರ್ಯಾಕಿನ ಯಾವ ಸೋಲಿನಲ್ಲೂ ಆಗಿರಲಿಲ್ಲ.

ಮನೆಯ ಮುಂದೆ ಇಳಿದಾಗ ಅಪ್ಪನ ಮುಖ ಹಗುರಾಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಮಗನ ಹೆಗಲ ಮೇಲೆ ಕೈಯಿಟ್ಟರು.

"ಎಲ್ಲಾ ಹೇಳ್ಬಿಟ್ಟೆ ಕಣೋ. ನೀನು ಒಂದಕ್ಕೂ ಇಲ್ಲ ಅನ್ನಲಿಲ್ಲ. ಇನ್ನು ಆ ಮಾತು ಎತ್ತಬೇಡ, ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ."

"ಅಪ್ಪಾ, ಅದು..." ಎಂದ ಮಗ. ಅಪ್ಪ ಅವನ ಹೆಗಲು ಒತ್ತಿ ತಡೆದರು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಿದ್ಧನಾಗಿರು. ಹೇಳಿದ್ನಲ್ಲ, ಅವರು ಕಾಯೋ ಜನ ಅಲ್ಲ. ನಿನ್ನ ಹೆಂಡ್ತಿಗೆ ನೀನೇ ತಿಳಿಸು, ನನ್ನ ಕೈಲಾಗಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಏನಂತೆ ಎಂಬಂತೆ ಗಂಡನ ಮುಖ ನೋಡಿದಳು.

"ಹೂಂ," ಎಂದ ಗುಮಾಸ್ತ.