ಬೆಟ್ಟ ಹತ್ತಿದ ಕುಕ್ಕರ್ ವೆಯ್ಟು

ಮರೆಗುಳಿ ಎನ್ನಿಸಿಕೊಳ್ಳುವುದಕ್ಕೆ ನನಗೆ ಎಂದೂ ನಾಚಿಕೆಯಾದದ್ದಿಲ್ಲ. ಕಾರಿನ ಬೀಗದ ಕೈಯನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದವನು, ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಮೀಟಿಂಗಿಗೆ ಹೋದವನು ನಾನು. ಇದನ್ನೆಲ್ಲ ನಾಲ್ಕು ಜನರ ಮುಂದೆ ಹೇಳಿ ನಗಿಸುವುದೂ ಉಂಟು. ಬುದ್ಧಿವಂತರಿಗೆ ಮರೆವು ಜಾಸ್ತಿ ಎಂಬ ಅರ್ಥ ಅವರಿಗೆ ತಾನಾಗಿಯೇ ಹೊಳೆಯಲಿ ಎಂಬ ಆಸೆ. ಆದರೆ ಮರೆವೇ ಇಲ್ಲದ ನನ್ನ ಹೆಂಡತಿ ವನಜಾಗೆ ಮರೆವಿದೆ ಎಂದು ಅವಳನ್ನೇ ನಂಬಿಸಿದೆನಲ್ಲ, ಆ ಕಥೆಯನ್ನು ಹೊರಗಿನವರ ಮುಂದೆ ಇದುವರೆಗೆ ಬಾಯಿಬಿಟ್ಟಿಲ್ಲ. ಬಿಟ್ಟರೆ ನಗುವವರಿಗಿಂತ ಉಗಿಯುವವರೇ ಹೆಚ್ಚು ಎಂದು ಗೊತ್ತು.

ಎಂಬತ್ತರ ದಶಕದ ನಡುವಿನ ಮಾತು. ನಾವು ಅಮೆರಿಕದ ಮಿಲ್ಪಿಟಾಸ್‌ನ ಒಂದು ಟೌನ್‌ಹೌಸಿನಲ್ಲಿದ್ದೆವು. ಅಲ್ಲಿಂದ ನಾಲ್ಕು ಗಂಟೆ ಕಾರು ಓಡಿಸಿದರೆ ಸಿಯೆರಾ ಬೆಟ್ಟಗಳ ಮೇಲೊಂದು ಹಳ್ಳಿ. ಚಳಿಗಾಲದಲ್ಲಿ ಸ್ಕೀ ಮಾಡುವವರು ಅಲ್ಲಿಗೆ ಮುಗಿಬೀಳುತ್ತಾರೆ. ಬೇಸಿಗೆಯಲ್ಲಿ ಹಿಮ ಕರಗಿ ಹೋಟೆಲುಗಳು ಬಿಕೋ ಎನ್ನತೊಡಗಿದರೆ ಏನಾದರೊಂದು ಉತ್ಸವ ಹುಟ್ಟಿಕೊಳ್ಳುತ್ತದೆ. ಒಂದು ವಾರ ಸೈಕಲ್ ರೇಸು, ಇನ್ನೊಂದು ವಾರ ಬ್ಯಾಂಡು, ಮತ್ತೊಂದು ವಾರ ಗರಗಸದಲ್ಲಿ ಮರ ಕೊಯ್ಯುವ ಪಂದ್ಯ. ತಣ್ಣಗೆ ಒಂದು ಕಡೆ ಕೂರುವುದು ಆ ಜನಕ್ಕೆ ಗೊತ್ತೇ ಇಲ್ಲ. ಜುಲೈ ತಿಂಗಳ ಒಂದು ಶನಿವಾರ ಬೆಟ್ಟ ಹತ್ತುವ ಓಟ, ಅದರ ಜೊತೆಗೆ ಖಾರದ ಅಡುಗೆಯ ಸ್ಪರ್ಧೆ ಇತ್ತು. ಓಟಕ್ಕೆ ನಮ್ಮ ಆಫೀಸಿನವರು ಟೀಮು ಕಟ್ಟಿದ್ದರು. ನನ್ನ ಮ್ಯಾನೇಜರು ನನ್ನ ಹೆಸರನ್ನೂ ಬರೆದುಕೊಂಡು, ಬೆಳಿಗ್ಗೆ ಓಟಗಾರರ ಹೆಸರು ನೋಂದಾಯಿಸುವ ಕೆಲಸವನ್ನೂ ನನಗೇ ಅಂಟಿಸಿದ್ದರು. ಅಡುಗೆಗೆ ವನಜಾ ತಾನಾಗಿಯೇ ಹೆಸರು ಕೊಟ್ಟಳು.

ಅವಳು ತಾನಾಗಿ ಹೆಸರು ಕೊಟ್ಟದ್ದು ಸಣ್ಣ ಮಾತಲ್ಲ. ಮೈಸೂರಿನಲ್ಲಿ ಹೈಸ್ಕೂಲಿನ ಸೈನ್ಸ್ ಮೇಡಂ ಆಗಿದ್ದವಳು. ಇಲ್ಲಿ ವೀಸಾದ ದೆಸೆಯಿಂದ ಕೆಲಸ ಮಾಡುವಂತಿರಲಿಲ್ಲ. ಐದು ವರ್ಷದಿಂದ ಎಲ್ಲರಿಗೂ ಅವಳು ನನ್ನ ಹೆಂಡತಿ ಅಥವಾ ಸ್ಮಿತಾಳ ತಾಯಿ. "ಒಂದೇ ಒಂದ್ಸಲ ಮೈಕಲ್ಲಿ ನನ್ನ ಹೆಸರು ಕರೀಲಿ ರೀ, ಪ್ರೈಜು ಬರದಿದ್ರೂ ಪರವಾಗಿಲ್ಲ," ಎಂದಿದ್ದಳು. ನಾಲ್ಕು ವಾರ ಬಿಸಿಬೇಳೆಬಾತು ಮಾಡಿ ಮಾಡಿ ಹದ ಹಿಡಿದಳು. ನಾಲ್ಕು ವಾರವೂ ತಿಂದವನು ನಾನು, ಆ ವಿಷಯದಲ್ಲಿ ನನ್ನ ತ್ಯಾಗವೂ ಇದೆ.

ಅಡುಗೆಯನ್ನು ಅಲ್ಲೇ ಮಾಡಬೇಕೆಂಬುದು ನಿಯಮ. ದಾರಿಯುದ್ದಕ್ಕೂ ನಾನು ಕಾರಿನಲ್ಲಿ ಪಾಠ ಹೇಳಿದೆ. "ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯತ್ತೆ, ಆದ್ರೆ ಅದರಲ್ಲಿ ಬಿಸಿ ಸಾಲಲ್ಲ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯೋದೇ ಇಲ್ಲ." ಹಿಂದಿನ ಸೀಟಿನಲ್ಲಿದ್ದ ಒಂಬತ್ತು ವರ್ಷದ ಮಗಳು ಸ್ಮಿತಾ, "ಡ್ಯಾಡ್, ಅಮ್ಮ ಟಾಟ್ ದಿಸ್ ಸ್ಟಫ್," ಎಂದು, ಅಮ್ಮ ಶಾಲೆಯಲ್ಲಿ ಇದನ್ನೇ ಕಲಿಸಿದವಳೆಂದು ನೆನಪಿಸಿದಳು. ವನಜಾ ನಕ್ಕು, "ಗೊತ್ತು ರೀ, ಅದಕ್ಕೇ ಕುಕ್ಕರ್ ತಂದಿರೋದು," ಎಂದಳು.

ಅಲ್ಲಿ ಅಡುಗೆಯ ಟೇಬಲ್ಲುಗಳಿಗೂ ಓಟದ ಟೇಬಲ್ಲಿಗೂ ನಡುವೆ ಎರಡು ನಿಮಿಷದ ನಡಿಗೆ. ಸಾಮಾನು ಇಳಿಸಿ ನಾನು ನನ್ನ ಕುರ್ಚಿಯಲ್ಲಿ ಕೂತೆ. ಕೂತ ಕೂಡಲೇ ಹಳ್ಳಿಯ ಪಕ್ಕದ ಸರೋವರದ ಕಡೆಯಿಂದ ಗಾಳಿ ಎದ್ದು ಫಾರಂಗಳೆಲ್ಲ ಹಾರತೊಡಗಿದವು. ಮ್ಯಾನೇಜರು ಹುಬ್ಬು ಗಂಟಿಕ್ಕಿದರು. ನಾನು ಓಡಿಹೋಗಿ ನಮ್ಮ ಅಡುಗೆಯ ಚೀಲಕ್ಕೆ ಕೈ ಹಾಕಿದೆ. ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಗಟ್ಟಿ ವಸ್ತುವೊಂದು ಸಿಕ್ಕಿತು, ಕುಕ್ಕರಿನ ವೆಯ್ಟು. ವನಜಾ ನೀರು ತರಲು ಹೋಗಿದ್ದಳು. ಐದು ನಿಮಿಷಕ್ಕೆ ತಾನೇ ಎಂದುಕೊಂಡು ಬಟ್ಟೆಯನ್ನು ಚೀಲಕ್ಕೇ ಹಾಕಿ, ವೆಯ್ಟನ್ನು ತಂದು ಫಾರಂಗಳ ಮೇಲೆ ಪ್ರತಿಷ್ಠಾಪಿಸಿದೆ. ಆಮೇಲೆ ಎರಡು ಗಂಟೆ ಅದು ನನ್ನ ಕಣ್ಣಿಗೆ ಪೇಪರ್‌ವೆಯ್ಟು ಮಾತ್ರ.

ಹತ್ತು ಗಂಟೆಗೆ ಸ್ಮಿತಾ ಓಡಿಬಂದಳು. "ಅಮ್ಮ ಕಾಂಟ್ ಫೈಂಡ್ ದ ವೆಯ್ಟ್ ಥಿಂಗ್." ಹೋಗಿ ನೋಡಿದರೆ ವನಜಾ ಚೀಲವನ್ನೆಲ್ಲ ಹುಲ್ಲಿನ ಮೇಲೆ ಸುರಿದುಕೊಂಡು ಕೂತಿದ್ದಾಳೆ, ಕೈಯಲ್ಲಿ ಖಾಲಿ ಹಳದಿ ಬಟ್ಟೆ. ನಮ್ಮ ಜೊತೆ ಬಂದಿದ್ದ ಹುಬ್ಬಳ್ಳಿಯ ಗೆಳೆಯ ಪಾಟೀಲ, ಅವನ ತಾಯಿ, ಪಕ್ಕದ ಟೇಬಲ್ಲಿನವರು, ಎಲ್ಲರೂ ಸುತ್ತ ನಿಂತಿದ್ದಾರೆ. ನಾನು ಸೊಂಟದ ಮೇಲೆ ಕೈಯಿಟ್ಟು, "ಒಂದು ವೆಯ್ಟು ನೆನಪಿಟ್ಕೊಂಡು ತರೋಕಾಗಲ್ವಾ? ಖಾಲಿ ಬಟ್ಟೆ ಸುತ್ಕೊಂಡು ಬಂದಿದೀಯಲ್ಲ," ಎಂದೆ. ನಿಜಕ್ಕೂ ನೆನಪಿರಲಿಲ್ಲ, ದೇವರಾಣೆ. ಅಲ್ಲಿಯವರೆಗೆ ನನ್ನದು ಬರೀ ಮರೆವು.

ವಾಪಸು ಬಂದು ಕುರ್ಚಿ ಎಳೆದುಕೊಂಡಾಗ ವೆಯ್ಟು ನನ್ನನ್ನೇ ನೋಡುತ್ತಿತ್ತು. ತೀರ್ಪುಗಾರರು ಬರಲು ಎರಡು ಗಂಟೆ ಬಾಕಿ ಇತ್ತು, ದಾರಿ ಎರಡೇ ನಿಮಿಷ. ಹೋಗಿ ಕೊಟ್ಟು, "ನಂದೇ ತಪ್ಪು ಕಣೇ," ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಜನರ ಎದುರು ಸೊಂಟದ ಮೇಲೆ ಕೈಯಿಟ್ಟು ಬೈದು ಬಂದ ಬಾಯಲ್ಲಿ ಆ ಮಾತು ಹೊರಡಲಿಲ್ಲ. ವೆಯ್ಟನ್ನು ಚಡ್ಡಿಯ ಜೇಬಿಗೆ ಇಳಿಬಿಟ್ಟು, ಅದು ಕಾರಿನ ಸೀಟಿನ ಕೆಳಗೆ ಸಿಕ್ಕಿತೆಂದು ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಓಟಕ್ಕೆ ಕರೆದರು. ನಾನು ಹೋದೆ. ಅಡುಗೆಯ ಕಡೆಗಲ್ಲ, ಓಟದ ಕಡೆಗೆ.

ಮೊದಲ ತಿರುವಿನಲ್ಲೇ ಏದುಸಿರು ಬಂತು. ಹೆಜ್ಜೆ ಹೆಜ್ಜೆಗೂ ವೆಯ್ಟು ಕಾರಿನ ಬೀಗದ ಕೈಗೆ ಬಡಿದು ಟಣಟಣ ಎನ್ನುತ್ತಿತ್ತು. ಎಪ್ಪತ್ತರ ಆಸುಪಾಸಿನ ಅಮೆರಿಕನ್ ಅಜ್ಜಿಯೊಬ್ಬಳು ನನ್ನನ್ನು ದಾಟಿಹೋಗುತ್ತ, ಅದೇನು ಸದ್ದು ಎಂದು ಕಾಳಜಿಯಿಂದ ಕೇಳಿದಳು. ನನ್ನ ಮಂಡಿ ಎಂದೆ. ಪಾಪ, ನೀರಿನ ಬಾಟಲಿ ಕೊಟ್ಟು ಹೋದಳು. ಆ ಬೆಟ್ಟ ಹತ್ತಿ ಇಳಿದು ಕೊನೆಯವನಾಗಿ ಮುಟ್ಟುವ ಹೊತ್ತಿಗೆ ತೀರ್ಪುಗಾರರು ವನಜಾಳ ಟೇಬಲ್ಲಿನ ಮುಂದೆ ನಿಂತಿದ್ದರು. ಮೈಕಿನಲ್ಲಿ ಅವಳ ಹೆಸರನ್ನು ಕರೆದದ್ದು ನಿಜ. ಒಬ್ಬರು ಒಂದು ಚಮಚ ಬಾಯಿಗಿಟ್ಟರು; ಬೇಳೆ ಕಟಕಟ ಎಂದದ್ದು ನನಗೂ ಕೇಳಿಸಿತು. "ವೆರಿ ಇಂಟರೆಸ್ಟಿಂಗ್," ಎಂದು ಮುಂದಿನ ಟೇಬಲ್ಲಿಗೆ ಹೋದರು. ವನಜಾ ನಗುತ್ತಲೇ ಇದ್ದಳು. ಪಾಟೀಲನ ತಾಯಿ ಅವಳ ಬೆನ್ನು ಸವರಿ, "ಹೋಗ್ಲಿ ಬಿಡ ತಂಗಿ, ಮನಷ್ಯಾ ಅಂದಮ್ಯಾಲೆ ಮರೀತಾನ," ಎಂದರು. ನನ್ನ ಕೈ ಜೇಬಿನಲ್ಲೇ ಇತ್ತು.

ಮನೆಗೆ ಬರುವಾಗ ವನಜಾ ಒಂದೇ ಮಾತು ಹೇಳಿದಳು. "ನಾನು ಅದನ್ನ ಬಟ್ಟೇಲಿ ಸುತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ರೀ." ನಾನು ಏನೆಂದೆ ಗೊತ್ತೇ? "ನೆನಪು ಅಂದ್ರೆ ಹಾಗೇ, ನಂಬೋಕಾಗಲ್ಲ."

ಅವಳು ನಂಬಿಬಿಟ್ಟಳು, ನನ್ನನ್ನು. ಅಲ್ಲಿಂದ ಮುಂದೆ ಎಲ್ಲಿಗೆ ಹೊರಟರೂ ಸ್ಟೋವ್ ಆರಿದೆಯೋ ಇಲ್ಲವೋ ಎಂದು ನಾಲ್ಕು ಸಲ ನೋಡುವುದು, ಗ್ರೋಸರಿ ಅಂಗಡಿಯಲ್ಲಿ ಅರ್ಧಕ್ಕೇ ನಿಂತು ಚೀಟಿ ತಡಕುವುದು, ಫ್ರೀವೇ ಹತ್ತಿದ ಮೇಲೆ ಬಾಗಿಲು ಹಾಕಿದೆನಾ ಎನ್ನುವುದು. ಊರಿಂದ ಹೊಸ ವೆಯ್ಟು ಬಂತು. ಅದನ್ನು ದಾರದಲ್ಲಿ ಕುಕ್ಕರಿನ ಹಿಡಿಗೆ ಕಟ್ಟಿಟ್ಟಳು. ಹಳೆಯದು ನನ್ನ ಆಫೀಸಿನ ಟೇಬಲ್ಲಿನ ಮೇಲಿತ್ತು. ಮ್ಯಾನೇಜರು ಅದನ್ನು ಕೈಗೆತ್ತಿಕೊಂಡು ಏನಿದು ಎಂದಾಗ, ನಮ್ಮ ಕಡೆಯ ಪುರಾತನ ವಸ್ತು ಎಂದು ಹೇಳಿ ಇನ್ನೊಂದು ಸುಳ್ಳನ್ನೂ ಖಾತೆಗೆ ಸೇರಿಸಿಕೊಂಡೆ.

ಮುಂದಿನ ಬೇಸಿಗೆಗೆ ಆ ಹಳ್ಳಿಯಿಂದ ಅವಳ ಹೆಸರಿಗೇ ಕರೆಯೋಲೆ ಬಂತು. ಅದನ್ನು ಮಡಿಸಿ ಪಕ್ಕಕ್ಕಿಟ್ಟು, "ನಂಗ್ಯಾಕೆ ಇವೆಲ್ಲ. ಮತ್ತೇನಾದ್ರೂ ಮರೀತೀನಿ," ಎಂದಳು. ಅಳಲಿಲ್ಲ, ಸಿಟ್ಟಾಗಲಿಲ್ಲ, ಇದ್ದ ಸಂಗತಿ ಹೇಳುವ ಹಾಗೆ ಹೇಳಿದಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಮರುದಿನ ಸಂಜೆ ವೆಯ್ಟನ್ನು ತಂದು ಒಲೆಯ ಪಕ್ಕದಲ್ಲಿಟ್ಟು, ಇಲ್ಲಿ ಬರೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಂಡಿಯ ವಿಷಯವನ್ನೂ ಬಿಡಲಿಲ್ಲ.

ವನಜಾ ವೆಯ್ಟನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. "ಹಾಗಾದ್ರೆ ನಾನು ತಂದಿದ್ದೆ," ಎಂದಳು. ನನ್ನನ್ನು ಬೈಯುವುದಕ್ಕಿಂತ ಅದು ಅವಳಿಗೆ ಮುಖ್ಯವಾಗಿತ್ತು. ಸ್ಮಿತಾ ಹೋಮ್‌ವರ್ಕಿನಿಂದ ತಲೆಯೆತ್ತಿ, "ಸೋ ಅಮ್ಮ ವಾಸ್ ರೈಟ್ ದ ಹೋಲ್ ಟೈಮ್," ಎಂದು ನನ್ನ ಕಡೆ ನೋಡಿದ ನೋಟಕ್ಕೆ ನಾನು ನೆಲ ನೋಡಿದೆ.

ಆ ಜುಲೈನಲ್ಲಿ, ಸ್ಪರ್ಧೆಯ ಹಿಂದಿನ ದಿನವೇ, ಆ ಹಳ್ಳಿಗೆ ಮತ್ತೆ ಹೊರಟೆವು. ಅರ್ಧ ದಾರಿ ಕಳೆದಿರಬೇಕು, ವನಜಾ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಸ್ಟೋವ್ ಆರಿಸಿದ್ರಾ?"

"ಆರಿಸಿದೀನಿ. ಚೆನ್ನಾಗಿ ನೆನಪಿದೆ."

"ನೆನಪು ನಂಬೋಕಾಗಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದಳು, ಮೆತ್ತಗೆ.

ಆರಿಸಿದ್ದು ನನಗೆ ಖಂಡಿತ ಗೊತ್ತಿತ್ತು. ಆದರೂ ಮುಂದಿನ ಎಗ್ಸಿಟ್ಟಿನಲ್ಲಿ ಫ್ರೀವೇ ಇಳಿದು ಕಾರನ್ನು ಮನೆಯ ಕಡೆ ತಿರುಗಿಸಿದೆ.